‘ಪ್ರವಾದನೆ – ನೆರವೇರಿಕೆ’ ಚಾರ್ಟ್ ಮಾಡಲು ಕೂತೆ, ಹೋಶೇಯ 11ರಲ್ಲಿ ಸಿಕ್ಕಿಕೊಂಡೆ

ಮಳೆಬಿಲ್ಲು_ಧಾರವಾಡ:
ಎಲ್ಲರಿಗೂ ನಮಸ್ಕಾರ. ನಾನು ನಮ್ಮ ಸಭೆಯಲ್ಲಿ ಸಂಡೇ ಸ್ಕೂಲ್ ಟೀಚರ್. ಕ್ರಿಸ್‌ಮಸ್‌ಗೆ ದೊಡ್ಡ ಮಕ್ಕಳ ಕೈಲಿ ಒಂದು ಚಾರ್ಟ್ ಮಾಡಿಸೋಣ ಅಂತ ಡ್ರಾಯಿಂಗ್ ಶೀಟ್ ತಂದು ನಡುವೆ ಗೆರೆ ಎಳೆದೆ. ಎಡಗಡೆ ‘ಪ್ರವಾದನೆ’, ಬಲಗಡೆ ‘ನೆರವೇರಿಕೆ’. ಹಳೆ ಒಡಂಬಡಿಕೆಯ ಪ್ರವಾದಿ ಮೀಕ 5:2, ಬೆತ್ಲೆಹೇಮಿನಿಂದ ಅರಸ ಬರುತ್ತಾನೆ ಅಂತ. ಎದುರಿಗೆ ಯೇಸುವಿನ ಕಥೆ ಹೇಳುವ ಮತ್ತಾಯನ ಸುವಾರ್ತೆ, ಅಧ್ಯಾಯ 2. ಸಲೀಸಾಗಿ ಆಯಿತು.

ಎರಡನೆಯದಕ್ಕೇ ತೊಡಕು. ಹೆರೋದನಿಗೆ ಹೆದರಿ ಯೋಸೇಫ ಮಗುವನ್ನು ಐಗುಪ್ತಕ್ಕೆ ಕರೆದೊಯ್ಯುತ್ತಾನಲ್ಲ, ಅಲ್ಲಿ ಮತ್ತಾಯ ‘ಐಗುಪ್ತದಿಂದ ನನ್ನ ಮಗನನ್ನು ಕರೆದೆನು’ ಎಂಬ ಪ್ರವಾದಿಯ ಮಾತು ನೆರವೇರಿತು ಅನ್ನುತ್ತಾನೆ. ಸರಿ, ಆ ಮಾತಿರುವ ಪ್ರವಾದಿ ಹೋಶೇಯನ ಪುಸ್ತಕ, 11ನೇ ಅಧ್ಯಾಯ ತೆಗೆಯಿರಿ ಅಂದೆ ಮಕ್ಕಳಿಗೆ. ಅಲ್ಲಿ ಇರುವುದು ಇಸ್ರಾಯೇಲ್ ಜನರ ಮಾತು. ಚಿಕ್ಕವನಿದ್ದಾಗ ಪ್ರೀತಿ ಮಾಡಿದೆ, ಐಗುಪ್ತದಿಂದ ಕರೆದೆ ಅಂತ. ಅದೂ ಹಿಂದೆ ನಡೆದುಹೋದ ಕಥೆ. ಮುಂದಿನ ಸಾಲಲ್ಲಿ ‘ಕರೆದಷ್ಟೂ ದೂರ ಹೋದರು, ಬಾಳನಿಗೆ ಬಲಿ ಕೊಟ್ಟರು’ ಅಂತ ಬೇರೆ ಇದೆ. ಬಾಳ ಅಂದರೆ ಅನ್ಯದೇವರು.

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು, ‘ಮಿಸ್, ಈ ಸಾಲೂ ಯೇಸುವಿಗೇ ಸೇರುತ್ತಾ?’

ಮುಂದಿನ ವಾರ ಹೇಳ್ತೀನಿ ಅಂತ ತಪ್ಪಿಸಿಕೊಂಡಿದ್ದೇನೆ. ಏನು ಹೇಳಲಿ?

ಸುಮ್ನೆ_ಓದುಗ:
ಆ ಹುಡುಗಿಗೆ ಮೊದಲು ಒಂದು ಚಾಕೊಲೇಟ್ ಕೊಡಿ.

ಸುಮ್ನೆ_ಓದುಗ:
ಇನ್ನು ಉತ್ತರ. ಸೇರಲ್ಲ. ಸುವಾರ್ತೆ ಬರೆದವರು ಹಳೆ ಪುಸ್ತಕದಲ್ಲಿ ತಮಗೆ ಬೇಕಾದ ಸಾಲು ಕತ್ತರಿಸಿ ಅಂಟಿಸಿಕೊಂಡರು. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಿದೆ?

ದೀಪದಕುಡಿ:
ಓದುಗರೇ, ‘ಕತ್ತರಿಸಿ ಅಂಟಿಸಿದರು’ ಅನ್ನುವುದು ಸುಲಭ. ಮತ್ತಾಯನ ಓದುಗರಲ್ಲಿ ಬಹಳ ಜನ ಯೆಹೂದ್ಯರೇ. ಅವರಿಗೆ ಹೋಶೇಯ ಗೊತ್ತಿರಲಿಲ್ಲವೇ? ಮೋಸ ಮಾಡುವವನು ಎಲ್ಲರಿಗೂ ಗೊತ್ತಿರುವ ಪುಸ್ತಕವನ್ನು ಎತ್ತಿ ತೋರಿಸುತ್ತಾನಾ? ಇಸ್ರಾಯೇಲಿನ ಕಥೆಯೇ ಯೇಸುವಿನಲ್ಲಿ ಮತ್ತೆ ನಡೆಯಿತು ಅನ್ನುತ್ತಿದ್ದಾನೆ ಅವನು. ಐಗುಪ್ತದಿಂದ ಬಂದರು, ನೀರು ದಾಟಿದರು, ನಲವತ್ತು ವರ್ಷ ಅರಣ್ಯದಲ್ಲಿ ಅಲೆದು ಎಡವಿದರು. ಇವನೂ ಐಗುಪ್ತದಿಂದ ಬಂದ, ಯೊರ್ದನಿನಲ್ಲಿ ಮುಳುಗಿ ಎದ್ದ, ನಲವತ್ತು ದಿನ ಅರಣ್ಯದಲ್ಲಿದ್ದ. ಆದರೆ ಎಡವಲಿಲ್ಲ. ಆ ಹುಡುಗಿ ಕೇಳಿದ ಬಾಳನ ಸಾಲಿಗೆ ಇದೇ ಉತ್ತರ. ಅವರು ದೂರ ಹೋದರು, ಇವನು ಹೋಗಲಿಲ್ಲ.

ಹಳೇಪುಸ್ತಕ:
ದೀಪದಕುಡಿ ಹೇಳಿದ್ದು ಬಹುಪಾಲು ಸರಿ. ನಾನು ಕೆಲವು ವರ್ಷ ಹೀಬ್ರೂ ಕಲಿಸಿದವನು, ಈಗ ನಿವೃತ್ತ. ತಾಯಿ, ನಿಮ್ಮ ತೊಡಕು ಹೋಶೇಯನಲ್ಲಿ ಇಲ್ಲ, ಡ್ರಾಯಿಂಗ್ ಶೀಟಿನ ಆ ಗೆರೆಯಲ್ಲಿದೆ. ಎಡಗಡೆ ಭವಿಷ್ಯ, ಬಲಗಡೆ ಅದು ನಿಜವಾದದ್ದು ಅಂತ ನಾವು ಓದುತ್ತೇವೆ. ಅವರು ಹಾಗೆ ಓದುತ್ತಿರಲಿಲ್ಲ. ನಾವು ‘ನೆರವೇರಿತು’ ಅನ್ನುವ ಕಡೆ ಗ್ರೀಕಿನಲ್ಲಿರುವ ಮಾತಿಗೆ ‘ತುಂಬಿತು’ ಅಂತ ಅರ್ಥ. ಕೊಡ ತುಂಬುತ್ತದಲ್ಲ, ಹಾಗೆ. ಹಳೆಯ ಮಾತಿನಲ್ಲಿ ಇನ್ನೂ ಜಾಗ ಇತ್ತು, ಈಗ ತುಂಬಿತು.

ಇದು ಮತ್ತಾಯನೊಬ್ಬನ ಚಾಳಿಯೂ ಅಲ್ಲ. 1947ರಿಂದ ಮೃತ ಸಮುದ್ರದ ಪಕ್ಕ ಕುಮ್ರಾನ್ ಗುಹೆಗಳಲ್ಲಿ ಸುರುಳಿಗಳು ಸಿಕ್ಕವು ನೋಡಿ. ಅದರಲ್ಲಿ ಪ್ರವಾದಿ ಹಬಕ್ಕೂಕನ ಪುಸ್ತಕದ ಮೇಲೆ ಒಂದು ವ್ಯಾಖ್ಯಾನ ಇದೆ. ಒಂದು ವಚನ ಬರೆಯುವುದು, ಕೆಳಗೆ ‘ಇದರ ಪೆಶೆರ್ (ಅರ್ಥ) ಏನೆಂದರೆ’ ಅಂತ ಶುರು ಮಾಡಿ ಅದನ್ನು ತಮ್ಮ ಕಾಲದ ಗುರುವಿಗೋ ಶತ್ರುವಿಗೋ ಹೊಂದಿಸುವುದು. ಹಬಕ್ಕೂಕ ಕಲ್ದೀಯರು (ಬಾಬೆಲಿನವರು) ಅಂದರೆ ಇವರು ರೋಮನರು ಅಂತ ಓದುತ್ತಾರೆ. ಆ ಗುಂಪಿನವರು ಕ್ರೈಸ್ತರಲ್ಲ. ಆ ಕಾಲದ ಯೆಹೂದ್ಯರಲ್ಲಿ ಹೀಗೆ ಓದುವವರು ಇದ್ದರು, ಅಷ್ಟೇ.

ಹಡಗಲಿ_ಹುಡುಗ:
ಮೇಷ್ಟ್ರೇ, ಇದು ಥೇಟ್ ನಮ್ಮ ಮೈಲಾರದ ಕಾರ್ಣಿಕ! ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಅಂತ ಕೂಗುತ್ತಾರೆ. ಅಷ್ಟು ಲಕ್ಷ ಜನ ಗಪ್‌ಚಿಪ್. ಒಂದೇ ಸಾಲು ನುಡಿದು ಕೆಳಕ್ಕೆ ಬೀಳುತ್ತಾರೆ. ಆಮೇಲೆ ನೋಡಬೇಕು ಮಜಾ. ರೈತ ಅದರಲ್ಲಿ ಮಳೆ ಹುಡುಕುತ್ತಾನೆ, ಟಿವಿಯವರು ಮುಖ್ಯಮಂತ್ರಿ ಕುರ್ಚಿ ಹುಡುಕುತ್ತಾರೆ. ವರ್ಷ ಮುಗಿದ ಮೇಲೆ ಎಲ್ಲರೂ ‘ನೋಡು, ಆವಾಗಲೇ ಹೇಳಿತ್ತು’.

ದೀಪದಕುಡಿ:
ಹೋಲಿಕೆ ಸರಿಯಿಲ್ಲ ತಮ್ಮಾ. ಕಾರ್ಣಿಕ ಒಂದು ಸಾಲು, ಹಿಂದೆ ಮುಂದೆ ಏನೂ ಇಲ್ಲ, ಹೇಗೆ ಬೇಕಾದರೂ ತಿರುಗುತ್ತೆ. ಪ್ರವಾದಿ ಯೆಶಾಯನದು 66 ಅಧ್ಯಾಯದ ಪುಸ್ತಕ. ಸಂದರ್ಭ ಇದೆ, ರಾಜರ ಹೆಸರಿದೆ.

ಹಡಗಲಿ_ಹುಡುಗ:
ಅದನ್ನೇ ಟೀಚರಮ್ಮ ಹೇಳ್ತಿರೋದು ಅಲ್ವಾ? ಸಂದರ್ಭ ಇದೆ, ಅದನ್ನು ಬಿಟ್ಟು ಓದಿದ್ದಾರೆ ಅಂತ.

ದೀಪದಕುಡಿ:
ಹ್ಮ್. ಒಂದು ಅಂಕ ನಿಮಗೆ.

ಸುಮ್ನೆ_ಓದುಗ:
ರಾಜರ ಹೆಸರು ಅಂದಿರಲ್ಲ, ಯೆಶಾಯ 7 ತೆಗೆಯಿರಿ. ಯೆಹೂದದ ರಾಜ ಆಹಾಜ. ಉತ್ತರದ ಇಸ್ರಾಯೇಲ್ ರಾಜನೂ ದಮಸ್ಕದ ರಾಜನೂ ಒಟ್ಟಾಗಿ ಮೇಲೆ ಬೀಳ್ತಿದ್ದಾರೆ. ಕ್ರಿ.ಪೂ. 734ರ ಸುಮಾರು. ಆಹಾಜನಿಗೆ ಜೀವ ಬಾಯಿಗೆ ಬಂದಿದೆ. ಆಗ ಪ್ರವಾದಿ, ಒಬ್ಬಳು ಮಗನನ್ನು ಹೆರುತ್ತಾಳೆ, ಇಮ್ಮಾನುವೇಲ್ ಅಂತ ಹೆಸರಿಡುತ್ತಾಳೆ, ಆ ಮಗುವಿಗೆ ಒಳ್ಳೇದು ಕೆಟ್ಟದ್ದು ತಿಳಿಯುವ ಮೊದಲೇ ಆ ಇಬ್ಬರು ರಾಜರ ನಾಡು ಪಾಳು ಬೀಳುತ್ತೆ ಅನ್ನುತ್ತಾನೆ. ಮತ್ತಾಯ 1 ಇದನ್ನು ಕನ್ಯೆ ಮರಿಯಳಿಗೆ ಹುಟ್ಟಿದ ಯೇಸುವಿಗೆ ಹೊಂದಿಸುತ್ತೆ. ಏಳುನೂರು ವರ್ಷ ಆದಮೇಲೆ ಹುಟ್ಟುವ ಮಗುವಿನಿಂದ ಆಹಾಜನಿಗೆ ಏನು ಸಮಾಧಾನ? ಮನೆಗೆ ಬೆಂಕಿ ಬಿದ್ದಾಗ ‘ಮುಂದೆ ನಿಮ್ಮೂರಿಗೆ ಫೈರ್ ಸ್ಟೇಷನ್ ಬರುತ್ತೆ’ ಅಂದ ಹಾಗೆ.

ಅಲ್ಲದೆ ಹೀಬ್ರೂನಲ್ಲಿ ಇರುವುದು ‘ಅಲ್ಮಾ’, ಯುವತಿ. ಕನ್ಯೆ ಅಂತ ಇಲ್ಲವೇ ಇಲ್ಲ. ಕ್ರೈಸ್ತರು ತಿದ್ದಿಕೊಂಡದ್ದು.

ಹಳೇಪುಸ್ತಕ:
ಮೊದಲನೆಯದು ಗಟ್ಟಿ ವಾದ. ಎರಡನೆಯದು ತಪ್ಪು. ‘ಪಾರ್ಥೆನೊಸ್’ (ಕನ್ಯೆ) ಅಂತ ಗ್ರೀಕಿಗೆ ಹಾಕಿದವರು ಯೆಹೂದ್ಯ ಅನುವಾದಕರೇ. ಸೆಪ್ಟುಅಜಿಂಟ್ ಅನ್ನುತ್ತಾರಲ್ಲ, ಅದು. ಕ್ರಿಸ್ತ ಹುಟ್ಟುವುದಕ್ಕೆ ಮುಂಚೆಯೇ ಇತ್ತು. ಮತ್ತಾಯ ಅಲ್ಲಿಂದ ತೆಗೆದುಕೊಂಡ, ಅಷ್ಟೇ. ಮೇಲಾಗಿ ಆ ಗ್ರೀಕ್ ಪದವೂ ಅಷ್ಟು ಬಿಗಿಯಲ್ಲ. ಆದಿಕಾಂಡ 34ರಲ್ಲಿ ದೀನಳ ಮೇಲೆ ಅತ್ಯಾಚಾರ ಆದಮೇಲೂ ಅದೇ ಗ್ರೀಕ್ ಅನುವಾದ ಅವಳನ್ನು ಪಾರ್ಥೆನೊಸ್ ಅಂತಲೇ ಕರೆಯುತ್ತದೆ.

ನಮ್ಮ ಕಡೆ ‘ಕನ್ಯಾ ನೋಡಾಕ ಹೋಗೂದು’ ಅಂತಾರಲ್ಲ, ಅಲ್ಲಿ ಯಾರಾದರೂ ವೈದ್ಯರ ಸರ್ಟಿಫಿಕೇಟ್ ಕೇಳುತ್ತಾರಾ? ಮದುವೆಗೆ ಬಂದ ಹುಡುಗಿ ಅಂತ ಅರ್ಥ. ‘ಅಲ್ಮಾ’ ಹತ್ತಿರ ಹತ್ತಿರ ಅದೇ ಥರದ ಮಾತು. ಗಂಡಸಿನ ಸಂಗ ಕಾಣದವಳು ಅಂತ ಒತ್ತಿ ಹೇಳಬೇಕಾದರೆ ಹೀಬ್ರೂನಲ್ಲಿ ‘ಬೆತುಲಾ’ ಇದೆ. ಆದಿಕಾಂಡ 24ರಲ್ಲಿ ರೆಬೆಕ್ಕಳಿಗೆ ಎರಡೂ ಮಾತು ಬಳಸಿದ್ದಾರೆ.

ಕಡಲತಡಿ_ಮಂಗಳೂರು:
1952ರಲ್ಲಿ ಅಮೆರಿಕದಲ್ಲಿ ಬಂದ ಹೊಸ ಇಂಗ್ಲಿಷ್ ಬೈಬಲ್ಲಿನಲ್ಲಿ ಈ ಕಡೆ ‘ಯುವತಿ’ ಅಂತ ಹಾಕಿದ್ದಕ್ಕೆ ಅಲ್ಲಿನ ಒಬ್ಬ ಬೋಧಕ ಆ ಹಾಳೆಯನ್ನೇ ಎಲ್ಲರೆದುರು ಸುಟ್ಟಿದ್ದನಂತೆ! ಒಂದು ಪದಕ್ಕೆ ಎಷ್ಟು ಬೆಂಕಿ.

ಅಂದ ಹಾಗೆ ನೀವೆಲ್ಲ ‘ಸುವಾರ್ತೆ’ ಅಂತೀರಿ, ನಾವು ಕಥೋಲಿಕರು ‘ಶುಭಸಂದೇಶ’. ಯಾವುದು ಚೆನ್ನಾಗಿದೆ?

ಹಡಗಲಿ_ಹುಡುಗ:
ಶುಭಸಂದೇಶ ಅಂದ್ರೆ ವಾಟ್ಸಾಪಿನಲ್ಲಿ ಬೆಳಿಗ್ಗೆ ಬರೋ ಗುಲಾಬಿ ಹೂವು.

ಕಡಲತಡಿ_ಮಂಗಳೂರು:
😂 ಇನ್ನು ಮೇಲೆ ಪೂಜೆಯಲ್ಲಿ ಅದೇ ನೆನಪಾಗುತ್ತೆ.

ನಿರ್ವಾಹಕ:
ವಿಷಯಕ್ಕೆ ಬನ್ನಿ.

ಲೆಕ್ಕದಮೇಷ್ಟ್ರು:
ನನಗೆ ಪ್ರತಿ ಡಿಸೆಂಬರಿನಲ್ಲೂ ಯಾರಾದರೂ ಒಂದು ಲೆಕ್ಕ ಕಳಿಸುತ್ತಾರೆ. ಬರೀ ಎಂಟು ಪ್ರವಾದನೆ ಒಬ್ಬನಲ್ಲೇ ನೆರವೇರುವ ಸಾಧ್ಯತೆ 10ರ ಘಾತ 17ರಲ್ಲಿ ಒಂದು. ಟೆಕ್ಸಸ್ ತುಂಬ ಎರಡಡಿ ಎತ್ತರ ಬೆಳ್ಳಿ ನಾಣ್ಯ ಹರವಿ, ಒಂದಕ್ಕೆ ಗುರುತು ಮಾಡಿ, ಕಣ್ಣು ಕಟ್ಟಿದವನ ಕೈಗೆ ಅದೇ ಸಿಕ್ಕ ಹಾಗೆ ಅಂತ. ಟೀಚರ್, ದಯವಿಟ್ಟು ಇದನ್ನು ಚಾರ್ಟಿಗೆ ಹಾಕಬೇಡಿ. ಸಾಧ್ಯತೆಗಳನ್ನು ಗುಣಿಸಬೇಕಾದರೆ ಒಂದಕ್ಕೊಂದು ಸಂಬಂಧ ಇರಬಾರದು. ಇಲ್ಲಿ ಕಥೆ ಬರೆದವನಿಗೆ ಆ ಎಂಟೂ ಬಾಯಿಪಾಠ. ಉತ್ತರ ಪತ್ರಿಕೆ ಬರೆಯುವವನ ಕೈಲೇ ಪ್ರಶ್ನೆಪತ್ರಿಕೆ ಇರುವಾಗ ನಾಣ್ಯದ ಲೆಕ್ಕ ನಡೆಯಲ್ಲ. ಅರಸ ಕತ್ತೆಯ ಮೇಲೆ ಬರುತ್ತಾನೆ ಅನ್ನುವ ಜೆಕರ್ಯ 9:9 ಗೊತ್ತಿದ್ದೇ ಯೇಸು ಕತ್ತೆ ತರಿಸಿದ್ದರೆ? ಅದು ಸಾಧ್ಯತೆ ಅಲ್ಲ, ಉದ್ದೇಶ. ನಾನೂ ವಿಶ್ವಾಸಿಯೇ, ಆದರೆ ಲೆಕ್ಕ ಲೆಕ್ಕವೇ.

ಸುಮ್ನೆ_ಓದುಗ:
ಕತ್ತೆ ಅಂದ ತಕ್ಷಣ ನೆನಪಾಯಿತು. ಮಾರ್ಕ, ಲೂಕ, ಯೋಹಾನ ಮೂವರಲ್ಲೂ ಒಂದೇ ಪ್ರಾಣಿ. ಮತ್ತಾಯ 21ರಲ್ಲಿ ಮಾತ್ರ ತಾಯಿ ಕತ್ತೆ, ಮರಿ ಎರಡೂ ಬರುತ್ತವೆ. ಬಟ್ಟೆಯನ್ನು ಎರಡರ ಮೇಲೂ ಹಾಕುತ್ತಾರೆ, ಯೇಸು ‘ಅವುಗಳ ಮೇಲೆ’ ಕೂರುತ್ತಾನೆ. ಸರ್ಕಸ್ಸಾ?

ಹಳೇಪುಸ್ತಕ:
ಜೆಕರ್ಯದಲ್ಲಿ ಇರುವುದು ಹೀಬ್ರೂ ಕಾವ್ಯದ ಜೋಡಿಸಾಲು. ‘ಕತ್ತೆಯ ಮೇಲೆ, ಕತ್ತೆಯ ಮರಿಯ ಮೇಲೆ’ ಅಂದರೆ ಒಂದೇ ಪ್ರಾಣಿಯನ್ನು ಎರಡು ಸಲ ಹೇಳಿದ್ದು. ನಾವು ‘ಅವನು ಮನೆಮಠ ಬಿಟ್ಟು ಹೋದ’ ಅನ್ನುತ್ತೇವೆ. ಅವನಿಗೆ ಒಂದು ಮಠವೂ ಇತ್ತು ಅಂತಲ್ಲವಲ್ಲ! ಮತ್ತಾಯ ಮನೆಯನ್ನೂ ತೋರಿಸಿದ, ಮಠವನ್ನೂ ತೋರಿಸಿದ. ಗೊತ್ತಿಲ್ಲದೆಯೋ, ಒಂದಕ್ಷರವೂ ಬಿಡಬಾರದು ಅಂತಲೋ, ಅದರಲ್ಲಿ ಪಂಡಿತರಿಗೇ ಒಮ್ಮತವಿಲ್ಲ.

ಯೋಹಾನ ಇಂಥದ್ದೇ ಇನ್ನೊಂದು ಕಡೆ ಮಾಡುತ್ತಾನೆ, ಅದನ್ನು ಯಾರೂ ಗಮನಿಸುವುದಿಲ್ಲ. ಕೀರ್ತನೆ 22ರಲ್ಲಿ ‘ಬಟ್ಟೆಗಳನ್ನು ಹಂಚಿಕೊಂಡರು, ಉಡುಪಿಗೆ ಚೀಟಿ ಹಾಕಿದರು’ ಅಂತ ಜೋಡಿಸಾಲು. ಯೋಹಾನ 19ರಲ್ಲಿ ಸಿಪಾಯಿಗಳು ಬಟ್ಟೆಯನ್ನು ನಾಲ್ಕು ಪಾಲು ಮಾಡುತ್ತಾರೆ. ಹೊಲಿಗೆಯಿಲ್ಲದ ಒಳಂಗಿಯನ್ನು ಬೇರೆ ಇಟ್ಟು ಅದಕ್ಕೆ ಚೀಟಿ. ಅಲ್ಲಿಯೂ ಒಂದು ಎರಡಾಯಿತು.

ಮಳೆಬಿಲ್ಲು_ಧಾರವಾಡ:
ಅಯ್ಯೋ, ಇದನ್ನು ಎಷ್ಟು ಸಲ ಪಾಠ ಮಾಡಿದ್ದೇನೆ, ಹೊಳೆದೇ ಇರಲಿಲ್ಲ. ಸರ್, ಅದೇ ಕೀರ್ತನೆಯ ‘ನನ್ನ ಕೈಕಾಲುಗಳನ್ನು ತಿವಿದರು’ ಸಾಲು ಚಾರ್ಟಿಗೆ ಹಾಕಬಹುದಾ? ನಮ್ಮ ಸಭೆಯ ಪಾದ್ರಿ ಅಯ್ಯನವರು ಅದೇ ಎಲ್ಲಕ್ಕಿಂತ ದೊಡ್ಡ ಪ್ರವಾದನೆ ಅಂತಾರೆ.

ಹಳೇಪುಸ್ತಕ:
ಅದೊಂದು ಮೊಳೆಯಷ್ಟೇ ಸಣ್ಣ ಜಗಳ, ತಾಯಿ. ಹೀಬ್ರೂನಲ್ಲಿ ‘ಯೋದ್’ ಅಂದರೆ ಒಂದು ಚಿಕ್ಕ ಕೊಕ್ಕೆ. ಅದರ ಬಾಲ ಸ್ವಲ್ಪ ಉದ್ದ ಆದರೆ ‘ವಾವ್’. ಯೆಹೂದ್ಯರ ಸಾಂಪ್ರದಾಯಿಕ ಪಾಠದಲ್ಲಿ ಆ ಪದದ ಕೊನೆಗೆ ಯೋದ್ ಇದೆ. ಓದಿದರೆ ‘ಕಾಅರಿ’, ಸಿಂಹದ ಹಾಗೆ. ‘ಸಿಂಹದ ಹಾಗೆ ನನ್ನ ಕೈ ಕಾಲು’. ವಾಕ್ಯಕ್ಕೆ ಕ್ರಿಯಾಪದವೇ ಇಲ್ಲ. ಬಾಲ ಉದ್ದ ಮಾಡಿದರೆ ‘ಅಗೆದರು’ ಅನ್ನುವ ಅರ್ಥಕ್ಕೆ ಬರುತ್ತದೆ, ಗ್ರೀಕ್ ಅನುವಾದ ಹಾಗೇ ಓದಿದೆ. ನಹಲ್ ಹೆವೆರ್ ಕಣಿವೆಯಲ್ಲಿ ಸಿಕ್ಕ ಕೀರ್ತನೆಗಳ ತುಣುಕಿನಲ್ಲಿ ಕೊನೆಗೆ ವಾವ್ ಇದೆ ಅಂತ ಅದನ್ನು ಓದಿದವರು ಹೇಳಿದ್ದಾರೆ.

ಆದರೆ ಒಂದು ಮಾತು ಅಯ್ಯನವರಿಗೆ ಹೇಳಿ, ಮೆಲ್ಲಗೆ. ಹೊಸ ಒಡಂಬಡಿಕೆಯಲ್ಲಿ ಯಾರೂ ಆ ಸಾಲನ್ನು ಶಿಲುಬೆಗೆ ಎತ್ತಿ ಹೇಳಿಲ್ಲ. ಕೀರ್ತನೆಯ ಮೊದಲ ಸಾಲು ಯೇಸುವಿನ ಬಾಯಲ್ಲಿದೆ, ಚೀಟಿಯ ಸಾಲು ಯೋಹಾನನಲ್ಲಿದೆ. ತಿವಿದ ಮಾತಿಗೆ ಯೋಹಾನ ಜೆಕರ್ಯ 12ಕ್ಕೆ ಹೋಗುತ್ತಾನೆ, ಇಲ್ಲಿಗೆ ಬರುವುದಿಲ್ಲ.

ಮರಳುಗಾಡಿನ_ಕನ್ನಡಿಗ:
ನಾನು ಕೆಲಸದ ಮೇಲೆ ಟೆಲ್ ಅವೀವ್ ಹತ್ತಿರ ಇದ್ದೇನೆ. ಜೆರುಸಲೇಮಿನಲ್ಲಿ ಈ ಸುರುಳಿಗಳಿಗೆ ಅಂತಲೇ ಬಿಳಿ ಗೋಪುರದ ಕಟ್ಟಡ ಇದೆ. ಹೊರಗಿನಿಂದ ಮಡಕೆಯ ಮುಚ್ಚಳದ ಹಾಗೆ ಕಾಣುತ್ತೆ. ಒಳಗೆ ಮಂದ ಬೆಳಕು. ನಡುವೆ ದುಂಡನೆಯ ಕಟ್ಟೆ, ಅದರ ಸುತ್ತ ಯೆಶಾಯನ ಸುರುಳಿ. ಏಳು ಮೀಟರಿಗಿಂತ ಜಾಸ್ತಿ ಉದ್ದ, 54 ಅಂಕಣ. ಅಲ್ಲಿ ಬಿಚ್ಚಿಟ್ಟಿರುವುದು ನಕಲು, ಅಸಲು ಬೆಳಕು ತಡೆಯಲ್ಲ.

ನನ್ನ ಜೊತೆ ಬಂದಿದ್ದ ಆಫೀಸಿನ ಗೆಳೆಯ ಯೆಹೂದ್ಯ. ನೋವುಣ್ಣುವ ಸೇವಕನ ಅಧ್ಯಾಯ, ಯೆಶಾಯ 53, ಯಾವುದು ಅಂತ ಕೇಳಿದೆ, ಸುತ್ತು ಹಾಕಿ ಹುಡುಕಿದ. ‘ಇದು ನಮ್ಮ ಜನರ ಬಗ್ಗೆ’ ಅಂದ. ನಾನು ಮಂಗಳೂರಿನ ಶಾಲೆಯಲ್ಲಿ ಕಲಿತವನು, ‘ಇದು ಯೇಸುವಿನ ಬಗ್ಗೆ ಅಲ್ವಾ’ ಅಂದೆ. ಇಬ್ಬರೂ ಆ ಗಾಜಿನ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದೆವು. ಹಿಂದೆ ಇದ್ದ ಪ್ರವಾಸಿಗಳು ಮುಂದೆ ಹೋಗಿ ಅಂತ ಗೊಣಗಿದರು.

ದೀಪದಕುಡಿ:
53ರ ವಿಷಯದಲ್ಲಿ ನಾನು ಬಿಟ್ಟುಕೊಡಲ್ಲ. ‘ನಮ್ಮ ದ್ರೋಹಗಳ ದೆಸೆಯಿಂದ ಅವನಿಗೆ ಗಾಯವಾಯಿತು, ವಧೆಗೆ ಒಯ್ಯುವ ಕುರಿಯ ಹಾಗೆ ಬಾಯಿ ತೆರೆಯಲಿಲ್ಲ.’ ಜನಾಂಗಕ್ಕೆ ಇದು ಹೇಗೆ ಹೊಂದುತ್ತೆ? ಜನರ ಪಾಪಕ್ಕೆ ಜನವೇ ಸಾಯುವುದಾ?

ಮರಳುಗಾಡಿನ_ಕನ್ನಡಿಗ:
ಅದನ್ನೇ ಅವನಿಗೆ ಕೇಳಿದೆ. ಅವನ ಉತ್ತರ ಹೀಗಿತ್ತು. ಯೆಶಾಯ 41, 44, 49ರಲ್ಲಿ ‘ನನ್ನ ಸೇವಕನಾದ ಇಸ್ರಾಯೇಲೇ’ ಅಂತ ದೇವರೇ ಕರೆಯುತ್ತಾನೆ, ಹಾಗಾಗಿ ಸೇವಕ ಯಾರು ಅಂತ ಪುಸ್ತಕವೇ ಹೇಳಿದೆ. 53ರಲ್ಲಿ ಮಾತಾಡುವ ‘ನಾವು’ ಬೇರೆ ದೇಶದ ರಾಜರು. ಇಷ್ಟು ದಿನ ತುಳಿದ ಜನ ನಮಗಾಗಿ ನೊಂದರು ಅಂತ ಅವರು ಬಾಯಿಬಿಡುತ್ತಿದ್ದಾರೆ. 11ನೇ ಶತಮಾನದ ಯೆಹೂದ್ಯ ವ್ಯಾಖ್ಯಾನಕಾರ ರಾಶಿಯೂ ಹೀಗೇ ಹೇಳಿದ್ದಾನಂತೆ.

ಹಳೇಪುಸ್ತಕ:
ಯೆಹೂದ್ಯರೆಲ್ಲರೂ ಒಂದೇ ಮಾತು ಹೇಳಿದ್ದಾರೆ ಅಂತಲೂ ತಿಳಿಯಬೇಡಿ. ಯೆಹೂದ್ಯ ಗುರುಗಳ ಚರ್ಚೆಗಳ ಸಂಗ್ರಹ ತಾಲ್ಮುದಿನಲ್ಲಿ, ಅದರ ಸನ್ಹೆದ್ರಿನ್ ಭಾಗದ 98ರಲ್ಲಿ, ಅವರು ಕಾಯುತ್ತಿದ್ದ ಮೆಸ್ಸೀಯನ ಹೆಸರೇನು ಅಂತ ಗುರುಗಳು ಹರಟುವ ಒಂದು ಜಾಗ ಇದೆ. ಒಬ್ಬೊಬ್ಬ ಶಿಷ್ಯರು ತಮ್ಮ ಗುರುವಿನ ಹೆಸರನ್ನೇ ಮೆಸ್ಸೀಯನಿಗೆ ಇಡುತ್ತಾರೆ, ತಮಾಷೆಯಾಗಿದೆ. ಅಲ್ಲೇ ಕೆಲವರು ಯೆಶಾಯ 53:4 ಹಿಡಿದು ಅವನೊಬ್ಬ ‘ಕುಷ್ಠರೋಗಿ’ ಅನ್ನುತ್ತಾರೆ. ಅರಮೀಯ ಭಾಷೆಯ ಯೆಹೂದ್ಯ ಅನುವಾದ, ತರ್ಗುಮ್, ಆ ಸೇವಕ ಮೆಸ್ಸೀಯನೇ ಅಂತ ಒಪ್ಪುತ್ತದೆ, ಆದರೆ ನೋವನ್ನೆಲ್ಲ ಅವನ ಮೈಮೇಲಿಂದ ಎತ್ತಿ ಬೇರೆಯವರ ಮೇಲೆ ಹಾಕಿಬಿಡುತ್ತದೆ!

ಅಪೊಸ್ತಲರ ಕೃತ್ಯಗಳು 8ರಲ್ಲಿ ಐಥಿಯೋಪ್ಯದ ಕಂಚುಕಿ ರಥದಲ್ಲಿ ಕೂತು ಇದನ್ನೇ ಗಟ್ಟಿಯಾಗಿ ಓದುತ್ತಿದ್ದಾನೆ. ಫಿಲಿಪ್ಪ ಹತ್ತಿರ ಬಂದಾಗ ಅವನು ಕೇಳುವುದೇನು? ಪ್ರವಾದಿ ಇದನ್ನು ಯಾರ ವಿಷಯವಾಗಿ ಹೇಳಿದ್ದು, ತನ್ನ ವಿಷಯವೋ ಬೇರೊಬ್ಬನದೋ ಅಂತ. ನಿಮ್ಮ ಒಂಬತ್ತನೇ ಕ್ಲಾಸಿನ ಹುಡುಗಿಯ ಪ್ರಶ್ನೆ ಹೊಸದಲ್ಲ.

ಲೆಕ್ಕದಮೇಷ್ಟ್ರು:
ಆಹಾ.

ಸುಮ್ನೆ_ಓದುಗ:
ಒಳ್ಳೆಯ ಹರಟೆ. ಆದರೆ ದೊಡ್ಡದನ್ನು ಯಾರೂ ಎತ್ತುತ್ತಿಲ್ಲ. ಮೆಸ್ಸೀಯ ಬಂದರೆ ಕತ್ತಿ ಬಡಿದು ನೇಗಿಲ ಗುಳ ಮಾಡಬೇಕಿತ್ತು, ಯೆಶಾಯ 2. ಎಲ್ಲಿ? 1263ರಲ್ಲಿ ಬಾರ್ಸಿಲೋನಾದಲ್ಲಿ ಅರಗೋನಿನ ರಾಜನೆದುರು ನಹ್ಮನಿದೆಸ್ ಎಂಬ ಯೆಹೂದ್ಯ ಗುರುವನ್ನು ವಾದಕ್ಕೆ ಕೂರಿಸಿದಾಗ ಅವನೂ ಇದನ್ನೇ ಕೇಳಿದ. ಯೇಸುವಿನ ಕಾಲದಿಂದ ಇಲ್ಲಿಯವರೆಗೆ ಲೋಕದಲ್ಲಿ ಹಿಂಸೆಯೇ ತುಂಬಿದೆಯಲ್ಲ ಅಂತ. ವಾದ ಚೆನ್ನಾಗಿ ಮಾಡಿದೆ ಅಂತ ರಾಜ ದುಡ್ಡು ಕೊಟ್ಟ ಅಂತ ಅವನೇ ಬರೆದುಕೊಂಡಿದ್ದಾನೆ. ಆಮೇಲೆ ಊರು ಬಿಡಬೇಕಾಗಿ ಬಂತು, ಅದು ಬೇರೆ ಮಾತು.

ಕಡಲತಡಿ_ಮಂಗಳೂರು:
ಇದಕ್ಕೆ ನನಗೆ ಲೂಕ 4 ನೆನಪಾಗುತ್ತೆ. ಯೇಸು ನಜರೇತಿನ ಸಭಾಮಂದಿರದಲ್ಲಿ ಯೆಶಾಯನ ಸುರುಳಿ ಬಿಚ್ಚುತ್ತಾನೆ. ಬಡವರಿಗೆ ಶುಭವಾರ್ತೆ, ಸೆರೆಯವರಿಗೆ ಬಿಡುಗಡೆ, ದೇವರ ಕೃಪೆಯ ವರ್ಷ... ಅಲ್ಲಿಗೆ ನಿಲ್ಲಿಸಿ, ಸುತ್ತಿ, ಕೆಲಸದವನ ಕೈಗೆ ಕೊಟ್ಟು ಕೂತುಬಿಡುತ್ತಾನೆ. ಯೆಶಾಯ 61:2ರಲ್ಲಿ ವಾಕ್ಯ ಅಲ್ಲಿಗೆ ಮುಗಿಯಲ್ಲ! ‘ನಮ್ಮ ದೇವರು ಮುಯ್ಯಿ ತೀರಿಸುವ ದಿನ’ ಅಂತ ಅದೇ ಉಸಿರಿನಲ್ಲಿ ಇದೆ. ಅದನ್ನು ಓದಲಿಲ್ಲ. ಎಲ್ಲರ ಕಣ್ಣೂ ಅವನ ಮೇಲೆ ಇತ್ತು ಅಂತ ಲೂಕ ಬರೆಯುತ್ತಾನೆ. ಅರ್ಧಕ್ಕೆ ನಿಲ್ಲಿಸಿದ್ದಕ್ಕೋ ಏನೋ ಅಂತ ನನಗೆ ಅನಿಸುತ್ತೆ. ನೇಗಿಲು, ಸೇಡು, ರಾಜ್ಯ ಎಲ್ಲ ಯೇಸುವಿನ ಎರಡನೇ ಬರುವಿಕೆಗೆ ಅಂತ ನಮ್ಮವರು ಹೇಳುತ್ತಾರೆ.

ಸುಮ್ನೆ_ಓದುಗ:
ಆಗದೆ ಉಳಿದದ್ದೆಲ್ಲ ಎರಡನೇ ಬರುವಿಕೆಗೆ. ಬಾಕಿ ಪುಸ್ತಕ.

ಕಡಲತಡಿ_ಮಂಗಳೂರು:
ಬಾಕಿ ಇದೆ ಅಂತ ಒಪ್ಪಿಕೊಂಡೇ ಎರಡು ಸಾವಿರ ವರ್ಷ ಅಂಗಡಿ ತೆರೆದಿದ್ದೇವಲ್ಲ ಮಾರಾಯ್ರೆ!

ಹಡಗಲಿ_ಹುಡುಗ:
ಒಂದು ಡೌಟು. ಮೆಸ್ಸೀಯ ಅಂದ್ರೆ ದೇವರ ಮಗ ಅಂತಲಾ?

ಹಳೇಪುಸ್ತಕ:
‘ಮಶೀಅಖ್’ ಅಂದರೆ ಎಣ್ಣೆ ಹಚ್ಚಿಸಿಕೊಂಡವನು, ಅಭಿಷಿಕ್ತ. ಗ್ರೀಕಿನಲ್ಲಿ ಅದೇ ‘ಕ್ರಿಸ್ತೋಸ್’. ರಾಜ, ಯಾಜಕ ಎಲ್ಲರಿಗೂ ಆ ಮಾತು ಇತ್ತು. ಯೆಶಾಯ 45:1ರಲ್ಲಿ ಪರ್ಶಿಯದ ರಾಜ ಕೋರೆಷನನ್ನೂ ಹಾಗೆ ಕರೆದಿದೆ, ಅವನು ಯೆಹೂದ್ಯನೇ ಅಲ್ಲ. ಕುಮ್ರಾನಿನವರು ಇಬ್ಬರು ಮೆಸ್ಸೀಯರನ್ನು ಕಾಯುತ್ತಿದ್ದರು, ಒಬ್ಬ ಯಾಜಕ ಆರೋನನ ಕಡೆಯವನು, ಒಬ್ಬ ಇಸ್ರಾಯೇಲಿನ ಕಡೆಯವನು. ಎಲ್ಲರೂ ಒಂದೇ ಪಟ್ಟಿ ಹಿಡಿದುಕೊಂಡು ಒಬ್ಬನಿಗಾಗಿ ಕಾಯುತ್ತಿದ್ದರು ಅನ್ನುವುದು ನಮ್ಮ ಚಾರ್ಟುಗಳು ಕಲಿಸಿದ್ದು.

ಮಳೆಬಿಲ್ಲು_ಧಾರವಾಡ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಮಕ್ಕಳ ಜೊತೆ ಕೂತೆ. ಹಳೆ ಶೀಟ್ ಹಿಂದುಮುಂದು ಮಾಡಿ ಮೂರು ಅಂಕಣ ಎಳೆದೆವು. ‘ಆಗ ಯಾರಿಗೆ ಹೇಳಿದ್ದು’, ‘ಸುವಾರ್ತೆ ಹೇಗೆ ಓದಿತು’, ಕೊನೆಯದು ‘ನಮ್ಮ ಪ್ರಶ್ನೆ’. ಕೊನೆಯ ಅಂಕಣ ಬೇಗ ತುಂಬಿತು, ಜಾಗ ಸಾಲದೆ ಇನ್ನೊಂದು ಹಾಳೆ ಅಂಟಿಸಿದೆವು. ಅಯ್ಯನವರು ಬಂದು ಸ್ವಲ್ಪ ಹೊತ್ತು ನೋಡಿದರು. ‘ಇದನ್ನು ಕ್ರಿಸ್‌ಮಸ್ ದಿನ ಬಾಗಿಲಲ್ಲಿ ಹಾಕಬೇಡಮ್ಮ, ಒಳಗೆ ಹಾಕು’ ಅಂದರು. ಹಾಕಬೇಡ ಅನ್ನಲಿಲ್ಲ!

ಒಂದು ಉಳಿದಿದೆ. ಮತ್ತಾಯ 2:23, ‘ನಜರೇತಿನವನೆಂದು ಕರೆಯಿಸಿಕೊಳ್ಳುವನು’ ಎಂಬ ಪ್ರವಾದಿಗಳ ಮಾತು. ಮಕ್ಕಳು ಹಳೆ ಒಡಂಬಡಿಕೆ ಪೂರ್ತಿ ಹುಡುಕಿ ಸುಸ್ತಾದರು.

ಹಳೇಪುಸ್ತಕ:
ಸಿಗುವುದಿಲ್ಲ, ಪಾಪ ಆ ಮಕ್ಕಳು! ಆ ಸಾಲು ಹಳೆ ಒಡಂಬಡಿಕೆಯಲ್ಲಿ ಎಲ್ಲಿಯೂ ಇಲ್ಲ. ನಜರೇತ್ ಅನ್ನುವ ಊರಿನ ಹೆಸರೂ ಇಲ್ಲ. ಯೆಶಾಯ 11:1ರಲ್ಲಿ ದಾವೀದನ ತಂದೆ ಇಷಯನ ಬುಡದಿಂದ ಒಡೆಯುವ ಚಿಗುರಿಗೆ ಹೀಬ್ರೂನಲ್ಲಿ ‘ನೇತ್ಸೆರ್’ ಅಂತ ಇದೆ, ಮತ್ತಾಯ ಆ ಸದ್ದಿನ ಮೇಲೆ ಆಡುತ್ತಿದ್ದಾನೆ ಅಂತ ಹಲವರ ಊಹೆ. ಮೊದಲನೇ ಅಂಕಣ ಖಾಲಿ ಬಿಡಿ.

ಲೆಕ್ಕದಮೇಷ್ಟ್ರು:
ಮತ್ತಾಯ 27:9 ಕೂಡ ಸೇರಿಸಿ. ಯೇಸುವನ್ನು ಹಿಡಿದುಕೊಟ್ಟ ದುಡ್ಡಿಗೆ ಹೊಂದಿಸುವ 30 ಬೆಳ್ಳಿ ನಾಣ್ಯದ ಮಾತು ಇರುವುದು ಜೆಕರ್ಯ 11ರಲ್ಲಿ, ಮತ್ತಾಯ ‘ಯೆರೆಮೀಯ’ ಅನ್ನುತ್ತಾನೆ. ಮಕ್ಕಳಿಗೆ ಖುಷಿಯಾಗುತ್ತೆ.

ದೀಪದಕುಡಿ:
ಆ ದುಡ್ಡಿನಲ್ಲಿ ಕುಂಬಾರನ ಹೊಲ ಕೊಂಡರು ಅಂತಲೂ ಮತ್ತಾಯ ಹೇಳುತ್ತಾನಲ್ಲ. ಹೊಲ ಕೊಳ್ಳುವುದು ಯೆರೆಮೀಯ 32, ಕುಂಬಾರನ ಮನೆ ಯೆರೆಮೀಯ 18. ಎರಡು ಪ್ರವಾದಿಗಳನ್ನು ಸೇರಿಸಿ ದೊಡ್ಡವನ ಹೆಸರು ಹೇಳಿದ್ದಾನೆ. ಮಾರ್ಕ 1:2ರಲ್ಲೂ ಹಾಗೇ, ಮಲಾಕಿಯನ ಮಾತಿಗೂ ಯೆಶಾಯನ ಹೆಸರು. ತಪ್ಪು ಅಂತ ಬರೆಸಬೇಡಿ, ಪ್ಲೀಸ್.

ಸುಮ್ನೆ_ಓದುಗ:
‘ನಮ್ಮ ಪ್ರಶ್ನೆ’ ಅಂಕಣದಲ್ಲಿ ಬರೆಸಿ.

ಮರಳುಗಾಡಿನ_ಕನ್ನಡಿಗ:
ಟೀಚರ್, ಫೋಟೋ ಹಾಕಿ. ಗೆಳೆಯನಿಗೆ ತೋರಿಸಬೇಕು. ಮೀಕ 5:2 ಅಂತ ಬರೆದಿದ್ದೀರಲ್ಲ, ಅವನ ಪುಸ್ತಕದಲ್ಲಿ ಅದು 5:1. ಹುಡುಕಿ ಸಿಗಲಿಲ್ಲ ಅಂತ ಮೊದಲೇ ಜಗಳ ತೆಗೆಯುತ್ತಾನೆ.